ಹದ ಇರುವಾಗಲೇ ಕೂರಿಗೆ: ಚದುರಂಗದ ಆರಂಭದಲ್ಲಿ ಕಾಯಿ ಕೊಡುವ ಬಗ್ಗೆ

(ಧಾರವಾಡದಲ್ಲಿ ಭಾನುವಾರದ ಚದುರಂಗ ತರಗತಿಗೆ ಬರುವ ಮಕ್ಕಳು ಮತ್ತು ಅವರ ಪಾಲಕರ ಮುಂದೆ ಆಡಿದ ಮಾತುಗಳ ಬರಹ ರೂಪ. ಅಂದು ಗೋಡೆಯ ದೊಡ್ಡ ಮಣೆಯ ಮೇಲೆ ತೋರಿಸಿದ್ದನ್ನು ಇಲ್ಲಿ ಅಕ್ಷರದಲ್ಲಿ ಹೇಳಿದ್ದೇನೆ. ಓದುವವರು ಪಕ್ಕದಲ್ಲಿ ಒಂದು ಮಣೆ ಹಾಸಿಕೊಂಡರೆ ಒಳ್ಳೆಯದು.)

ಎಲ್ಲರಿಗೂ ನಮಸ್ಕಾರ. ಮಕ್ಕಳು ಮುಂದಿನ ಸಾಲಿಗೆ ಬನ್ನಿ, ಅಷ್ಟು ಹಿಂದೆ ಕುಳಿತರೆ ಮಣೆ ಕಾಣುವುದಿಲ್ಲ.

ಈ ವಿಷಯದ ಮೇಲೆ ಮಾತಾಡುತ್ತೇನೆಂದು ನಾನೇ ಕೇಳಿಕೊಂಡು ಬಂದಿದ್ದೇನೆ. ಈಚೆಗೆ ಹುಬ್ಬಳ್ಳಿಯಲ್ಲಿ ಶಾಲಾ ಮಕ್ಕಳ ಒಂದು ಪಂದ್ಯಾವಳಿ ನಡೆಯಿತು. ನಾಲ್ಕನೆಯ ಸುತ್ತು ಮುಗಿಸಿ ಹತ್ತು ವರ್ಷದ ಹುಡುಗಿಯೊಬ್ಬಳು ಹೊರಗೆ ಬಂದಳು. ಸೋತಿದ್ದಳು. ಅವಳ ತಂದೆ ನಡೆಗಳನ್ನು ಬರೆದ ಹಾಳೆಯನ್ನು ಇಸಿದುಕೊಂಡು ನೋಡಿ, “ನಾಲ್ಕನೆಯ ನಡೆಯಲ್ಲೇ ಕಾಲಾಳನ್ನು ಪುಕ್ಕಟೆ ಯಾಕೆ ಕೊಟ್ಟೆ?” ಎಂದು ಕೇಳಿದರು. ಹುಡುಗಿ ತಲೆ ತಗ್ಗಿಸಿದಳು. ಆ ಹಾಳೆಯನ್ನು ಆಮೇಲೆ ನಾನೂ ನೋಡಿದೆ. ಕಾಲಾಳು ಕೊಟ್ಟದ್ದರಲ್ಲಿ ತಪ್ಪೇ ಇರಲಿಲ್ಲ. ತಪ್ಪಾದದ್ದು ಒಂಬತ್ತನೆಯ ನಡೆಯಿಂದ ಮುಂದೆ. ಕೊಟ್ಟದ್ದನ್ನು ಮರಳಿ ಗಳಿಸಬೇಕೆಂದು ಅವಳು ಮಂತ್ರಿಯನ್ನು ಐದು ನಡೆ ಅಲೆದಾಡಿಸಿದ್ದಳು. ಕಾಲಾಳೇನೋ ಮರಳಿ ಸಿಕ್ಕಿತ್ತು. ಅಷ್ಟರಲ್ಲಿ ಎದುರಾಳಿ ಕ್ಯಾಸ್ಲಿಂಗ್ ಮಾಡಿ (ಒಂದೇ ನಡೆಯಲ್ಲಿ ರಾಜನನ್ನು ಆನೆಯ ಬದಿಗೆ ಸರಿಸಿ ಭದ್ರಪಡಿಸಿ), ಎರಡೂ ಕುದುರೆಗಳನ್ನು ಹೊರಗೆ ತಂದು, ಆನೆಯನ್ನು ತೆರೆದ ಸಾಲಿನಲ್ಲಿ ನಿಲ್ಲಿಸಿದ್ದ. ಅವಳು ಬೈಗುಳ ತಿಂದದ್ದು ಸರಿಯಾದ ನಡೆಗೆ. ತಪ್ಪಾದ ಐದು ನಡೆಗಳ ಬಗ್ಗೆ ಯಾರೂ ಮಾತೆತ್ತಲಿಲ್ಲ. ಐದನೆಯ ಸುತ್ತಿನಲ್ಲಿ ಅವಳು ಏನನ್ನೂ ಕೊಡದೆ, ಏನನ್ನೂ ಕೇಳದೆ, ಗೋಡೆಗೆ ಬೆನ್ನು ಹಚ್ಚಿ ನಿಂತವರ ಹಾಗೆ ಆಡಿದಳು. ಅದನ್ನು ನೋಡಿ ನನಗಾದ ಸಂಕಟವೇ ಈ ಮಾತಿಗೆ ಕಾರಣ.

ನಾನು ಮೂವತ್ತು ವರ್ಷ ಹುಬ್ಬಳ್ಳಿಯ ಹತ್ತಿ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆದವನು. ಜಮೆ ಮತ್ತು ಖರ್ಚು ತಾಳೆಯಾಗದಿದ್ದರೆ ರಾತ್ರಿ ನಿದ್ದೆ ಬಾರದಂಥ ಕೆಲಸ ಅದು. ಆದ್ದರಿಂದ ಆ ತಂದೆಯ ಪ್ರಶ್ನೆಯ ಹಿಂದಿರುವ ಲೆಕ್ಕ ನನಗೆ ಚೆನ್ನಾಗಿ ಗೊತ್ತು. ಚದುರಂಗ ಕಲಿಯುವ ಪ್ರತಿ ಮಗುವಿಗೂ ಮೊದಲ ವಾರವೇ ಒಂದು ಬೆಲೆಪಟ್ಟಿ ಬಾಯಿಪಾಠವಾಗುತ್ತದೆ: ಕಾಲಾಳಿಗೆ 1, ಕುದುರೆಗೆ 3, ಒಂಟೆಗೆ 3, ಆನೆಗೆ 5, ಮಂತ್ರಿಗೆ 9. ಪಟ್ಟಿ ಒಳ್ಳೆಯದೇ. ಆದರೆ ಅದು ಗೋದಾಮಿನಲ್ಲಿರುವ ಮಾಲಿನ ಪಟ್ಟಿ. ಮಾಲು ಪೇಟೆಗೆ ಬಂದಿದೆಯೋ, ಗೋದಾಮಿನ ಕತ್ತಲಲ್ಲೇ ಕುಳಿತಿದೆಯೋ ಎಂಬುದನ್ನು ಆ ಪಟ್ಟಿ ಬರೆದುಕೊಳ್ಳುವುದಿಲ್ಲ. ಮೂಲೆಯಲ್ಲಿ ತನ್ನದೇ ಕುದುರೆ, ತನ್ನದೇ ಕಾಲಾಳುಗಳ ಹಿಂದೆ ಸಿಕ್ಕಿಕೊಂಡಿರುವ ಆನೆಗೂ 5, ಎದುರಾಳಿಯ ರಾಜನ ಬಾಗಿಲಲ್ಲಿ ನಿಂತ ಆನೆಗೂ 5!

ಇಲ್ಲಿ ಕುಳಿತ ಹಿರಿಯರಲ್ಲಿ ಅನೇಕರಿಗೆ ಹೊಲದ ಗುರುತಿದೆ. ನಮ್ಮದು ನವಲಗುಂದ ತಾಲ್ಲೂಕಿನ ಎರೆ ಹೊಲ. ಮುಂಗಾರಿನ ಹೆಸರು ಬಿತ್ತುವಾಗ ಮನೆಯಲ್ಲಿ ಎಷ್ಟು ಬೀಜ ಇದೆ ಎಂದು ಯಾರೂ ಕೇಳುವುದಿಲ್ಲ. ಹದ ಬಂದಾಗ ಕೂರಿಗೆ ಹೊಲದಲ್ಲಿತ್ತೇ ಎಂದು ಕೇಳುತ್ತಾರೆ. ಹದ ಇರುವುದು ಕೆಲವೇ ದಿನ. ಮಳೆ ಹೆಚ್ಚಾದರೆ ಎರೆಮಣ್ಣು ಕಾಲಿಗೆ ಮೆತ್ತಿ ಎತ್ತು ಹೆಜ್ಜೆ ಕೀಳುವುದಿಲ್ಲ, ಬಿಸಿಲು ಬಿದ್ದರೆ ಬಿರುಕು ಬಿಟ್ಟು ಕಲ್ಲಾಗುತ್ತದೆ. ಆ ಕೆಲವು ದಿನಗಳಲ್ಲಿ ಬೇರೆಯವರ ಕೂರಿಗೆಗೆ ಹೆಚ್ಚು ಬಾಡಿಗೆ ಕೊಟ್ಟಾದರೂ ಬಿತ್ತುತ್ತೇವೆ. ಅದನ್ನು ಯಾರಾದರೂ ದುಂದು ಎನ್ನುತ್ತಾರೆಯೇ? ಚದುರಂಗದ ಮೊದಲ ಹತ್ತು ಹದಿನೈದು ನಡೆಗಳು ಆ ಹದದ ದಿನಗಳು. ಕಾಲಾಳು ಕೊಟ್ಟು ಕೊಳ್ಳುವುದು ಆ ದಿನಗಳನ್ನೇ.

ಇದಕ್ಕೆ ಗ್ಯಾಂಬಿಟ್ ಎಂಬ ಹೆಸರಿದೆ. ಪದ ಇಟಲಿಯದು. ಅಲ್ಲಿ ಗಾಂಬಾ ಎಂದರೆ ಕಾಲು, ಗಾಂಬೆಟ್ಟೊ ಎಂದರೆ ಕುಸ್ತಿಯಲ್ಲಿ ಅಡ್ಡಗಾಲು ಹಾಕಿ ಬೀಳಿಸುವುದು. ಸ್ಪೇನಿನ ಪಾದ್ರಿ ರೂಯ್ ಲೋಪೆಜ್ 1561ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಇದನ್ನು ಚದುರಂಗಕ್ಕೆ ತಂದ. ಇದನ್ನು ಓದಿದ ದಿನ ನನಗೆ ನಮ್ಮ ಕಾಕಾ ನೆನಪಾದರು. ನನಗೆ ಚದುರಂಗ ಕಲಿಸಿದವರು ಅವರೇ. ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಬಟ್ಟೆಯ ಮಣೆ ಹಾಸಿ ಆಡುತ್ತಿದ್ದರು. ಹರೆಯದಲ್ಲಿ ಗರಡಿ ಮನೆಯ ಪೈಲ್ವಾನ. ಜಾತ್ರೆಯಲ್ಲಿ ಅವರ ಕುಸ್ತಿ ನೋಡುವಾಗ ಒಂದು ಸಂಗತಿ ನನಗೆ ಅರ್ಥವಾಗುತ್ತಿರಲಿಲ್ಲ: ತಾವಾಗಿಯೇ ಒಂದು ಕೈಯನ್ನು ಎದುರಾಳಿಗೆ ಹಿಡಿಯಲು ಬಿಡುತ್ತಿದ್ದರು. ಕೇಳಿದಾಗ, “ಹಿಡಿಯಲಿ ಬಿಡು. ಅವನ ಎರಡೂ ಕೈ ಅಲ್ಲಿ ಕೆಲಸದಲ್ಲಿರುತ್ತವೆ, ನನ್ನ ಇನ್ನೊಂದು ಕೈ ಮತ್ತು ಎರಡು ಕಾಲು ಖಾಲಿ ಇರುತ್ತವೆ” ಎಂದಿದ್ದರು. ಗ್ಯಾಂಬಿಟ್ ಬಗ್ಗೆ ನಾನು ಆಮೇಲೆ ಓದಿದ ಯಾವ ವಿವರಣೆಯೂ ಈ ಮಾತಿಗಿಂತ ಸ್ಪಷ್ಟವಾಗಿರಲಿಲ್ಲ.

ಈಗ ಮಣೆಗೆ ಬರೋಣ. ಆ ಹುಡುಗಿ ಆಡಿದ್ದು ಇವಾನ್ಸ್ ಗ್ಯಾಂಬಿಟ್. ವಿಲಿಯಂ ಡೇವಿಸ್ ಇವಾನ್ಸ್ ವೇಲ್ಸ್ ದೇಶದ ಹಡಗಿನ ಕಪ್ತಾನ. 1820ರ ದಶಕದಲ್ಲಿ ಅವರು ಇದನ್ನು ಕಂಡುಕೊಂಡರು. (ಮನೆಯ ಹೆಸರಿನಲ್ಲಿ ಅಕ್ಷರ ಉದ್ದಸಾಲನ್ನು, ಅಂಕಿ ಅಡ್ಡಸಾಲನ್ನು ಹೇಳುತ್ತದೆ. ಕಾಯಿಯ ಹೆಸರು ಹೇಳದಿದ್ದರೆ ಅದು ಕಾಲಾಳಿನ ನಡೆ.) ಬಿಳಿ ಇ4, ಕಪ್ಪು ಇ5. ಬಿಳಿಯ ಕುದುರೆ ಎಫ್3ಕ್ಕೆ, ಕಪ್ಪಿನ ಕುದುರೆ ಸಿ6ಕ್ಕೆ. ಬಿಳಿಯ ಒಂಟೆ ಸಿ4ಕ್ಕೆ, ಕಪ್ಪಿನ ಒಂಟೆ ಸಿ5ಕ್ಕೆ. ಇಲ್ಲಿಯವರೆಗೆ ನೀವೆಲ್ಲ ದಿನಾ ಆಡುವ ಆಟವೇ. ಈಗ ನಾಲ್ಕನೆಯ ನಡೆಯಲ್ಲಿ ಬಿಳಿ ತನ್ನ ಕಾಲಾಳನ್ನು ಬಿ4ಕ್ಕೆ ತಳ್ಳುತ್ತದೆ. ಕಪ್ಪಿನ ಒಂಟೆ ಅದನ್ನು ಹೊಡೆಯುತ್ತದೆ. ಬಿಳಿ ಸಿ3 ಆಡುತ್ತದೆ. ಒಂಟೆ ಮತ್ತೆ ಏಳಬೇಕು. ಎ5ಕ್ಕೆ ಹೋಯಿತೆನ್ನಿ. ಬಿಳಿ ಡಿ4 ಆಡುತ್ತದೆ.

ಇಲ್ಲಿ ನಿಲ್ಲೋಣ, ನನ್ನ ಹಳೆಯ ಕೆಲಸ ಮಾಡೋಣ. ಕಿರ್ದಿ ತೆಗೆಯಿರಿ. ಕಪ್ಪಿನ ಒಂಟೆ ಸಿ5ಕ್ಕೆ ಬಂತು, ಬಿ4ಕ್ಕೆ ಹೋಯಿತು, ಎ5ಕ್ಕೆ ಸರಿಯಿತು. ಮೂರು ನಡೆ, ಕೊನೆಗೆ ಮಣೆಯ ಅಂಚಿನಲ್ಲಿ. ಬಿಳಿ ಅದೇ ಹೊತ್ತಿನಲ್ಲಿ ನಡುಮನೆಯನ್ನು ಹಿಡಿಯಿತು. ಸಿ3 ಎಂಬ ನಡೆ ಬಿಳಿಗೆ ಹೇಗೂ ಬೇಕಿತ್ತು, ಡಿ4ಕ್ಕೆ ಆಸರೆಯಾಗಿ. ಒಂಟೆಯನ್ನು ಬೆದರಿಸುತ್ತಲೇ ಅದು ಆಗಿಹೋಯಿತು. ಬಿಳಿಯ ಇನ್ನೊಂದು ಒಂಟೆಗೆ ಎ3 ಎಂಬ ಮನೆ ತೆರೆದಿದೆ. ಅಲ್ಲಿ ಕುಳಿತರೆ ಕಪ್ಪು ರಾಜ ಕ್ಯಾಸ್ಲಿಂಗ್ ಮಾಡಲು ದಾಟಬೇಕಾದ ಎಫ್8ರ ಮೇಲೆ ಅದರ ಕಣ್ಣು. ಮಂತ್ರಿಗೆ ಬಿ3 ಸಿಕ್ಕಿದೆ. ಅಲ್ಲಿಂದ ಎಫ್7ರ ಕಡೆಗೆ ಒಂಟೆಯೊಡನೆ ಜೋಡಿ ಹೂಡಬಹುದು. ಒಂದು ಕಾಲಾಳಿಗೆ ಮೂರು ನಡೆ ಸಮ ಎಂಬುದು ಆಟಗಾರರ ಹಳೆಯ ಅಂದಾಜು. ಆ ಅಂದಾಜಿನಲ್ಲಿ ಇಲ್ಲಿ ಬಿಳಿಗೆ ನಷ್ಟವೇನೂ ಆಗಿಲ್ಲ. ಆದರೆ ಪಾಲಕರು ಇದನ್ನು ಗಮನಿಸಬೇಕು: ಬಿಳಿಗೆ ಜಮೆಯಾದದ್ದು ನಡೆಗಳು. ನಡೆಗಳನ್ನು ಕಪಾಟಿನಲ್ಲಿ ಇಟ್ಟು ನಾಳೆ ಬಳಸಲಾಗದು. ಮುಂದಿನ ಐದಾರು ನಡೆಗಳಲ್ಲಿ ಏನನ್ನೂ ಮಾಡದಿದ್ದರೆ ಕಪ್ಪು ಕ್ಯಾಸ್ಲಿಂಗ್ ಮಾಡುತ್ತದೆ, ಡಿ6 ಆಡುತ್ತದೆ, ಒಂದು ಕಾಲಾಳಿನ ಸಾಲ ಹಾಗೆಯೇ ಉಳಿಯುತ್ತದೆ. ಆ ಹುಡುಗಿಯ ಲೆಕ್ಕ ಕೆಟ್ಟದ್ದು ಇನ್ನೊಂದು ಬಗೆಯಲ್ಲಿ. ನಡೆಗಳನ್ನು ಕೊಂಡಳು, ಕೊಂಡ ನಡೆಗಳನ್ನೇ ಕೊಟ್ಟು ಕಾಲಾಳನ್ನು ಹಿಂದಕ್ಕೆ ತಂದಳು. ಎರಡು ಸಲ ದಲಾಲಿ ಕಟ್ಟಿದ ಹಾಗೆ.

ಈ ಹಳೆಯ ಗ್ಯಾಂಬಿಟ್ಟು ದೊಡ್ಡವರ ಆಟದಲ್ಲಿ ಸತ್ತುಹೋಯಿತು ಎಂದು ಎಲ್ಲರೂ ನಂಬಿದ್ದ ಕಾಲದಲ್ಲಿ, 1995ರಲ್ಲಿ, ರಿಗಾ ನಗರದಲ್ಲಿ ಗ್ಯಾರಿ ಕ್ಯಾಸ್ಪರೋವ್ ನಮ್ಮ ವಿಶ್ವನಾಥನ್ ಆನಂದ್ ಅವರ ಮೇಲೆ ಅದನ್ನು ಆಡಿದರು. ಅದೇ ವರ್ಷ ಇಬ್ಬರೂ ನ್ಯೂಯಾರ್ಕ್‌ನಲ್ಲಿ ವಿಶ್ವ ಪಟ್ಟಕ್ಕಾಗಿ ಸೆಣಸಲಿದ್ದರು. ಆನಂದ್ ಕಾಲಾಳು ತೆಗೆದುಕೊಂಡು ಒಂಟೆಯನ್ನು ಇ7ಕ್ಕೆ ಹಿಂದಿರುಗಿಸಿದರು. ಅದು ಎಚ್ಚರದ ನಡೆ. ಆಟ 25 ನಡೆಗಳಲ್ಲಿ ಮುಗಿಯಿತು, ಆನಂದ್ ಸೋತರು. ನಾನು ಆ ಆಟದ ಮೊದಲ 12 ನಡೆಗಳನ್ನು ಮಾತ್ರ ನಿಮಗೆ ತೋರಿಸುತ್ತೇನೆ, ಕಪ್ಪು ಕಾಯಿಗಳನ್ನು ಮಾತ್ರ ನೋಡಿ. ಕುದುರೆ ಸಿ6ಕ್ಕೆ, ಅಲ್ಲಿಂದ ಎ5ಕ್ಕೆ, ಮತ್ತೆ ಸಿ6ಕ್ಕೆ. ಇನ್ನೊಂದು ಕುದುರೆ ಎಫ್6ಕ್ಕೆ, ಡಿ5ಕ್ಕೆ, ಬಿ6ಕ್ಕೆ. ಒಂಟೆ ಮೂರು ಸಲ. ಹನ್ನೆರಡು ನಡೆಗಳಲ್ಲಿ ಒಂಬತ್ತು ನಡೆ ಮೂರೇ ಕಾಯಿಗಳಿಗೆ ಹೋಯಿತು, ಉಳಿದ ಮೂರು ಕಾಲಾಳುಗಳಿಗೆ. ಆನೆಗಳು, ಮಂತ್ರಿ, ರಾಜ, ಇನ್ನೊಂದು ಒಂಟೆ ಎಲ್ಲ ಆಟ ಶುರುವಾದಾಗ ಎಲ್ಲಿದ್ದವೋ ಅಲ್ಲೇ. ಆನಂದ್ ಅಂಥವರು ಯಾಕೆ ಹಾಗೆ ಆಡಿದರು? ತಾವಾಗಿ ಆಡಲಿಲ್ಲ, ಆಡಿಸಲಾಯಿತು. ಬಿಳಿಯ ಇ5 ಎಂಬ ಕಾಲಾಳು ಒಂದು ಕುದುರೆಯನ್ನು ಅಟ್ಟಿತು. ಬಿಳಿಯ ಮಂತ್ರಿ ಜಿ3ಕ್ಕೆ ಬಂದು ಜಿ7ರ ಮೇಲೆ ಕಣ್ಣಿಟ್ಟು ಇನ್ನೊಂದು ನಡೆಯನ್ನು ಕಸಿಯಿತು. ಕ್ಯಾಸ್ಪರೋವ್ ಕೊಟ್ಟ ಕಾಲಾಳನ್ನು ಕೇಳಲು ಒಮ್ಮೆಯೂ ತಿರುಗಿ ಹೋಗಲಿಲ್ಲ. ಮಕ್ಕಳೇ, ಮನೆಗೆ ಹೋಗಿ ಆ ಆಟವನ್ನು ಪೂರ್ತಿ ಆಡಿ ನೋಡಿ.

ಕೊಡುವುದರ ಇನ್ನೊಂದು ಮುಖ ಸಿಕ್ಕದ್ದನ್ನು ತೆಗೆದುಕೊಳ್ಳದಿರುವುದು. ಅದನ್ನು ಅಮೆರಿಕದ ಆಟಗಾರ ಪಾಲ್ ಮಾರ್ಫಿಯಿಂದ ಕಲಿಯಬೇಕು. 1858ರಲ್ಲಿ ಪ್ಯಾರಿಸಿನ ಒಪೆರಾ ಮಂದಿರದಲ್ಲಿ ಸಂಗೀತ ನಾಟಕ ನಡೆಯುತ್ತಿರುವಾಗಲೇ, ಬ್ರನ್ಸ್‌ವಿಕ್‌ನ ಡ್ಯೂಕ್ ಮತ್ತು ಕೌಂಟ್ ಇಸುವಾರ್ ಎಂಬ ಇಬ್ಬರು ಸಿರಿವಂತರು ಜೊತೆಗೂಡಿ ಮಾರ್ಫಿಯ ಎದುರು ಆಡಿದರು. 17 ನಡೆಗಳ ಆಟ. ನಿಮ್ಮಲ್ಲಿ ಹಲವರಿಗೆ ಕೊನೆ ಗೊತ್ತು: ಕುದುರೆ ಕೊಟ್ಟ, ಆನೆ ಕೊಟ್ಟ, ಹದಿನಾರನೆಯ ನಡೆಯಲ್ಲಿ ಮಂತ್ರಿಯನ್ನೇ ಕೊಟ್ಟ, ಹದಿನೇಳರಲ್ಲಿ ಆನೆಯಿಂದ ಚೆಕ್‌ಮೇಟ್. ಎಲ್ಲರೂ ಆ ಕೊನೆಯನ್ನೇ ಹೊಗಳುತ್ತಾರೆ. ನನಗೆ ಮೈ ಜುಮ್ಮೆನ್ನಿಸುವುದು ಎಂಟನೆಯ ನಡೆ. ಮಾರ್ಫಿಯ ಮಂತ್ರಿ ಬಿ3ರಲ್ಲಿದೆ, ಬಿ7ರ ಕಾಲಾಳು ಕಾವಲಿಲ್ಲದೆ ನಿಂತಿದೆ. ಹೊಡೆಯಬಹುದು. ಹೊಡೆದರೆ ಕಪ್ಪು ಮಂತ್ರಿ ಬಿ4ಕ್ಕೆ ಬಂದು ಚೆಕ್ ಕೊಡುತ್ತದೆ, ಮಂತ್ರಿಗಳು ವಿನಿಮಯವಾಗುತ್ತವೆ, ಬಿಳಿ ಒಂದು ಕಾಲಾಳಿನ ಲಾಭದಲ್ಲಿ ನಿಧಾನವಾಗಿ ಗೆಲ್ಲಬಹುದು. ನನ್ನಂಥ ಲೆಕ್ಕದವರು ಕಣ್ಣು ಮುಚ್ಚಿ ಹೊಡೆಯುತ್ತಿದ್ದೆವು. ಮಾರ್ಫಿ ಆ ಕಾಲಾಳನ್ನು ಬಿಟ್ಟು ಇನ್ನೊಂದು ಕುದುರೆಯನ್ನು ಹೊರಗೆ ತಂದ. ಒಂಬತ್ತು ನಡೆಗಳ ಆಚೆ ಆಟ ಮುಗಿದಾಗ ಮಣೆಯ ಮೇಲೆ ಬಿಳಿಗೆ ಕಾಲಾಳುಗಳು ಮತ್ತು ರಾಜನ ಹೊರತು ಉಳಿದದ್ದು ಒಂದು ಆನೆ, ಒಂದು ಒಂಟೆ. ಕಪ್ಪಿಗೆ ಮಂತ್ರಿ, ಆನೆ, ಒಂಟೆ, ಕುದುರೆ ಎಲ್ಲ ಇದ್ದವು. ಕಪ್ಪಿನ ಆ ಆನೆ ಮತ್ತು ಒಂಟೆ ಒಂದು ನಡೆಯನ್ನೂ ಆಡಿರಲಿಲ್ಲ. ತುಂಬಿದ ಗೋದಾಮು, ಬೀಗ ಹಾಕಿದ ಬಾಗಿಲು.

ಇದೆಲ್ಲ ಪರದೇಶದ ಮಾತಾಯಿತು ಎಂದು ಯಾರಿಗಾದರೂ ಅನ್ನಿಸಬಹುದು. ಆದರೆ ಒಂದು ಗ್ಯಾಂಬಿಟ್ ನಮ್ಮ ನೆಲದಲ್ಲೇ ಹುಟ್ಟಿದ್ದು. ಅದರ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಮಾತಾಡಲು ಬಿಡಿ, ನನಗೆ ಇದು ಬಹಳ ಪ್ರಿಯ.

ನಮ್ಮ ಕಾಕಾ ಆಡುತ್ತಿದ್ದ ಕಟ್ಟೆಯ ಆಟದಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಹೋಗುತ್ತಿತ್ತು. ಎರಡು ಮನೆ ಜಿಗಿಯುವುದು ಯುರೋಪಿನ ನಿಯಮ. ಒಂದೇ ಮನೆ ನಡೆದರೆ ಸೈನ್ಯಗಳು ಮುಖಾಮುಖಿಯಾಗಲು ಬಹಳ ಹೊತ್ತು ಬೇಕು. ಎರಡೂ ಕಡೆಯವರು ಮನೆ ಕಟ್ಟಿಕೊಂಡು, ಒಂಟೆಗಳನ್ನು ಪಕ್ಕದಲ್ಲಿ ಅಡಗಿಸಿ ಕುಳಿತುಕೊಳ್ಳುತ್ತಾರೆ. ಆರಂಭದಲ್ಲೇ ಕಾಯಿ ಕೊಟ್ಟು ನುಗ್ಗುವ ಆಟಕ್ಕೆ ಅಲ್ಲಿ ಎಡೆ ಕಡಿಮೆ. ಹತ್ತೊಂಬತ್ತನೆಯ ಶತಮಾನದ ನಡುವೆ ಕಲ್ಕತ್ತೆಯಲ್ಲಿ ಜಾನ್ ಕಾಕ್ರೇನ್ ಎಂಬ ಬ್ರಿಟಿಷ್ ವಕೀಲರಿದ್ದರು, ಇಂಗ್ಲೆಂಡಿನ ಬಲಶಾಲಿ ಆಟಗಾರರಲ್ಲಿ ಒಬ್ಬರು. ಅವರಿಗೆ ಬಂಗಾಳದ ಮಹೇಶಚಂದ್ರ ಬ್ಯಾನರ್ಜಿ ಎಂಬ ಆಟಗಾರ ಸಿಕ್ಕಿದರು. ಬ್ಯಾನರ್ಜಿ ನಮ್ಮ ನಿಯಮಗಳಲ್ಲಿ ಪಳಗಿದವರು. ಯುರೋಪಿನ ನಿಯಮಕ್ಕೆ ಬಂದ ಮೇಲೂ ಕಾಲಾಳನ್ನು ಒಂದೇ ಮನೆ ನಡೆಸಿ, ಒಂಟೆಯನ್ನು ಮೂಲೆಯ ಕಡೆಯಿಂದ ಹೊರತರುವ ಅಭ್ಯಾಸವನ್ನು ಬಿಡಲಿಲ್ಲ. ಇಂದು ಜಗತ್ತಿನ ದೊಡ್ಡ ಆಟಗಾರರೆಲ್ಲ ಆಡುವ ಇಂಡಿಯನ್ ಡಿಫೆನ್ಸ್‌ಗಳ ಹೆಸರಿನ ಬೇರು ಆ ಆಟಗಳಲ್ಲಿದೆ.

ಇವರಿಬ್ಬರ ನಡುವೆ 1840ರ ದಶಕದ ಕೊನೆಯಲ್ಲಿ ನಡೆದ ಆಟದಲ್ಲಿ ಕಾಕ್ರೇನ್ ಹೀಗೆ ಮಾಡಿದರು: ಇ4, ಇ5. ಎರಡೂ ಕಡೆಯ ಕುದುರೆಗಳು ಎಫ್3 ಮತ್ತು ಎಫ್6ಕ್ಕೆ. ಬಿಳಿ ಕುದುರೆ ಇ5ರ ಕಾಲಾಳನ್ನು ಹೊಡೆಯಿತು. ಕಪ್ಪು ಡಿ6 ಆಡಿ ಕುದುರೆಯನ್ನು ಅಟ್ಟಿತು. ಎಲ್ಲರೂ ಇಲ್ಲಿ ಕುದುರೆಯನ್ನು ಎಫ್3ಕ್ಕೆ ಹಿಂದಿರುಗಿಸುತ್ತಾರೆ. ಕಾಕ್ರೇನ್ ಹಿಂದಿರುಗಲಿಲ್ಲ. ಕುದುರೆಯಿಂದ ಎಫ್7ರ ಕಾಲಾಳನ್ನು ಹೊಡೆದರು, ರಾಜ ಕುದುರೆಯನ್ನು ಹೊಡೆದ. ಎರಡು ಕಾಲಾಳಿಗೆ ಒಂದು ಕುದುರೆ. ಬೆಲೆಪಟ್ಟಿಯಲ್ಲಿ ಒಂದು ಕಡಿಮೆ. ಆದರೆ ಕಪ್ಪು ರಾಜನಿಗೆ ಇನ್ನು ಕ್ಯಾಸ್ಲಿಂಗ್ ಇಲ್ಲ, ಬಿಳಿಗೆ ನಡುವಿನಲ್ಲಿ ಕಾಲಾಳುಗಳ ದಂಡು. ಡಿ4, ಎಫ್4, ಇ5 ಎಂದು ಅವು ಒಂದರ ಹಿಂದೆ ಒಂದು ಹೊರಟರೆ ತಡೆಯುವುದು ಕಷ್ಟ. ಇದು ಇಂದಿಗೂ ಕಾಕ್ರೇನ್ ಗ್ಯಾಂಬಿಟ್. ನೂರೈವತ್ತು ವರ್ಷಗಳ ನಂತರ, 1999ರ ಲಿನಾರೆಸ್ ಪಂದ್ಯಾವಳಿಯಲ್ಲಿ ವೆಸೆಲಿನ್ ಟೊಪಲೋವ್ ಇದನ್ನೇ ವ್ಲಾದಿಮಿರ್ ಕ್ರಾಮ್ನಿಕ್ ಎದುರು ಆಡಿ ಡ್ರಾ ಮಾಡಿಕೊಂಡರು. ಇಬ್ಬರೂ ಮುಂದೆ ವಿಶ್ವ ಚಾಂಪಿಯನ್ ಆದವರು. ಮಕ್ಕಳು ಹೆಸರಿಟ್ಟು ನೆನಪಿಟ್ಟುಕೊಳ್ಳಬೇಕಾದದ್ದು ಕಾಕ್ರೇನ್ ಒಬ್ಬರನ್ನೇ ಅಲ್ಲ. ಎದುರು ಕುಳಿತು, ಪರಕೀಯ ನಿಯಮ ಕಲಿತು, ಆ ಕುದುರೆಯನ್ನು ಹೊಡೆದು ರಾಜನನ್ನು ಬಯಲಿಗೆ ತಂದ ಮಹೇಶಚಂದ್ರರೂ ಆ ಗ್ಯಾಂಬಿಟ್‌ನ ಅರ್ಧಪಾಲುದಾರರು.

ಈಗ ನಾನು ಮೊದಲು ಹೇಳಿದ್ದಕ್ಕೆ ಒಂದು ತಿದ್ದುಪಡಿ. ಕೊಂಡ ಸಮಯ ಬೇಗ ಕೆಡುತ್ತದೆ ಎಂದೆ. ಕೆಲವು ಗ್ಯಾಂಬಿಟ್‌ಗಳಲ್ಲಿ ಕೆಡುವುದಿಲ್ಲ. ಪಾಲ್ ಬೆಂಕೊ ಹೆಸರಿನ ಬೆಂಕೊ ಗ್ಯಾಂಬಿಟ್‌ನಲ್ಲಿ ಕಪ್ಪು ಮೂರನೆಯ ನಡೆಯಲ್ಲಿ ಬಿ5 ಆಡಿ ಕಾಲಾಳು ಕೊಡುತ್ತದೆ. ಮುಂದೆ ಎ6. ಬಿಳಿ ಹೊಡೆಯುತ್ತಾ ಹೋದರೆ ಎ ಮತ್ತು ಬಿ ಎಂಬ ಎರಡು ಉದ್ದಸಾಲುಗಳು ಕಪ್ಪು ಆನೆಗಳಿಗೆ ಬಿಟ್ಟುಹೋಗುತ್ತವೆ, ಜಿ7ರಲ್ಲಿ ಕುಳಿತ ಒಂಟೆ ಮಣೆಯ ಉದ್ದಕ್ಕೂ ನೋಡುತ್ತದೆ. ರಾಜನ ಮೇಲೆ ದಾಳಿ ಇಲ್ಲ, ಅವಸರವೂ ಇಲ್ಲ. ಮಂತ್ರಿಗಳು ಮಣೆಯಿಂದ ಹೋದ ಮೇಲೂ ಒತ್ತಡ ಉಳಿಯುತ್ತದೆ. ಇದು ಲಾವಣಿಗೆ, ಅಂದರೆ ಗೇಣಿಗೆ ಹಾಕಿದ ಹೊಲದಂತೆ, ವರ್ಷಾ ವರ್ಷ ಪಾಲು ಬರುತ್ತಿರುತ್ತದೆ. ಆದ್ದರಿಂದ ಕೊಡುವ ಮೊದಲು ಮಗು ಕೇಳಿಕೊಳ್ಳಬೇಕಾದದ್ದು ಇಷ್ಟು: ನನಗೆ ಬರುವುದು ಹದವೋ, ಲಾವಣಿಯೋ? ಹದವಾದರೆ ಈಗಲೇ ದುಡಿಯಬೇಕು. ಲಾವಣಿಯಾದರೆ ಸುಮ್ಮನೆ ಕಾಯಿಗಳನ್ನು ಒಳ್ಳೆಯ ಮನೆಗಳಲ್ಲಿ ಇಟ್ಟು ಕಾಯಬೇಕು. ಒಂದರಲ್ಲಿ ಇನ್ನೊಂದರ ಹಾಗೆ ಆಡಿದರೆ ಎರಡೂ ಕೆಡುತ್ತವೆ.

ಎದುರು ಕುಳಿತವರ ಬಗ್ಗೆಯೂ ಹೇಳಬೇಕು. ಕಾಲಾಳು ಸಿಕ್ಕಿತೆಂದು ಹಿಗ್ಗಿ ಅದನ್ನು ಎದೆಗೆ ಅವಚಿಕೊಂಡವರು ಸೋಲುತ್ತಾರೆ. ಡೇನಿಷ್ ಗ್ಯಾಂಬಿಟ್ ನೋಡಿ. ಇ4 ಇ5, ಬಿಳಿ ಡಿ4 ಆಡುತ್ತದೆ. ಕಪ್ಪಿನ ಇ ಕಾಲಾಳು ಅದನ್ನು ಹೊಡೆಯುತ್ತದೆ, ಬಿಳಿ ಸಿ3 ಆಡಿದಾಗ ಅಲ್ಲಿ ಮತ್ತೆ ಹೊಡೆಯುತ್ತದೆ, ಬಿಳಿಯ ಒಂಟೆ ಸಿ4ಕ್ಕೆ ಬಂದಾಗ ಬಿ2ರಲ್ಲಿ ಮತ್ತೆ. ಕಪ್ಪು ಆಡಿದ ನಾಲ್ಕು ನಡೆಗಳೂ ಒಂದೇ ಕಾಲಾಳಿನವು! ಬಿಳಿಯ ಇನ್ನೊಂದು ಒಂಟೆ ಬಿ2ರಲ್ಲಿ ಅದನ್ನು ಹೊಡೆದ ಹೊತ್ತಿಗೆ ಬಿಳಿಗೆ ಎರಡು ಕಾಲಾಳು ಕಡಿಮೆ, ಎರಡು ಒಂಟೆಗಳು ಈಟಿಯಂತೆ ಚಾಚಿವೆ. ಇಲ್ಲಿ ಆಸ್ಟ್ರಿಯಾದ ಕಾರ್ಲ್ ಶ್ಲೆಕ್ಟರ್ ಹೆಸರಿನ ಉತ್ತರವಿದೆ. ಕಪ್ಪು ಡಿ5 ಆಡಿ ಒಂದು ಕಾಲಾಳನ್ನು ತಾನೇ ಮರಳಿ ಕೊಡುತ್ತದೆ, ಒಂಟೆ ಅದನ್ನು ಹೊಡೆದಾಗ ಕುದುರೆಯನ್ನು ಎಫ್6ಕ್ಕೆ ತರುತ್ತದೆ. ಬಿಳಿ ಒಂಟೆ ಎಫ್7ರಲ್ಲಿ ಚೆಕ್ ಕೊಟ್ಟು, ರಾಜ ಅದನ್ನು ಹೊಡೆದಾಗ ಕಪ್ಪು ಮಂತ್ರಿಯನ್ನು ಗೆದ್ದೆನೆಂದುಕೊಳ್ಳುತ್ತದೆ. ಕೂಡಲೇ ಕಪ್ಪು ಒಂಟೆ ಬಿ4ಕ್ಕೆ ಹೋಗಿ ಚೆಕ್, ಹಿಂದಿನಿಂದ ಆನೆಯ ದೃಷ್ಟಿ ಬಿಳಿ ಮಂತ್ರಿಯ ಮೇಲೆ! ಮಂತ್ರಿ ಡಿ2ಕ್ಕೆ ಬಂದು ಪ್ರಾಣ ಕೊಡಬೇಕು. ಎಲ್ಲ ಮುಗಿದಾಗ ಲೆಕ್ಕ ಸಮ, ದಾಳಿ ಮಾಯ. ತೆಗೆದುಕೊಂಡವರು ಕೊಡಲು ಕಲಿತರೆ ಮಾತ್ರ ತೆಗೆದುಕೊಂಡದ್ದು ದಕ್ಕುತ್ತದೆ.

ಪಾಲಕರ ಜೇಬಿನಲ್ಲಿರುವ ಮೊಬೈಲ್‌ಗೆ ಈಗ ಬರುತ್ತೇನೆ. ಅದರಲ್ಲಿರುವ ಎಂಜಿನ್, ಅಂದರೆ ಚದುರಂಗದ ಲೆಕ್ಕ ಹಾಕುವ ತಂತ್ರಾಂಶ, ಕಿಂಗ್ಸ್ ಗ್ಯಾಂಬಿಟ್ (ಇ4 ಇ5 ಆದ ಮೇಲೆ ಬಿಳಿ ಎಫ್4 ಆಡಿ ಆ ಕಾಲಾಳನ್ನು ಕೊಡುವುದು) ಹಾಕಿದ ಕೂಡಲೇ ಬಿಳಿಗೆ ನಷ್ಟವೆಂದು ತೋರಿಸುತ್ತದೆ. ಸುಳ್ಳಲ್ಲ. ಬಾಬಿ ಫಿಷರ್ 1960ರಲ್ಲಿ ಅರ್ಜೆಂಟೀನಾದ ಮಾರ್ ಡೆಲ್ ಪ್ಲಾಟಾದಲ್ಲಿ ಬೋರಿಸ್ ಸ್ಪಾಸ್ಕಿಯ ಕಿಂಗ್ಸ್ ಗ್ಯಾಂಬಿಟ್ ಎದುರು ಸೋತು, ಮರುವರ್ಷವೇ ಅದು ಸೋಲುವ ಆರಂಭ ಎಂದು ಲೇಖನ ಬರೆದರು. ಆಮೇಲೆ ತಾವೇ ಬಿಳಿ ಕಾಯಿ ಹಿಡಿದು ಅದನ್ನು ಆಡಿ ಗೆದ್ದರು. ಫ್ರಾಂಕ್ ಮಾರ್ಷಲ್ 1918ರಲ್ಲಿ ನ್ಯೂಯಾರ್ಕ್‌ನಲ್ಲಿ ಕಪಾಬ್ಲಾಂಕಾ ಎದುರು ಕಾಲಾಳು ಕೊಡುವ ತನ್ನ ದಾಳಿಯನ್ನು ಹೂಡಿ ಸೋತರು. ಸೋತ ಆ ದಾಳಿಗೆ ಹೆದರಿ ಇವತ್ತಿಗೂ ಅನೇಕ ಗ್ರ್ಯಾಂಡ್‌ಮಾಸ್ಟರ್‌ಗಳು ಎಂಟನೆಯ ನಡೆಯಲ್ಲೇ ದಾರಿ ಬದಲಿಸುತ್ತಾರೆ. 2017ರಲ್ಲಿ ಆಲ್ಫಾಜೀರೊ ಎಂಬ ಯಂತ್ರ, ಮನುಷ್ಯರ ಆಟಗಳನ್ನು ನೋಡದೆ ತನ್ನೊಡನೆ ತಾನೇ ಆಡಿ ಕಲಿತು, ಅಂದಿನ ಬಲಿಷ್ಠ ಎಂಜಿನ್ ಸ್ಟಾಕ್‌ಫಿಶ್ ಎದುರು 100 ಆಟಗಳಲ್ಲಿ 28 ಗೆದ್ದು 72 ಡ್ರಾ ಮಾಡಿಕೊಂಡಿತು. ಅದರ ಆಟಗಳನ್ನು ನೋಡಿದವರು ಬೆರಗಾದದ್ದು, ಎದುರಾಳಿಯ ಕಾಯಿಗಳನ್ನು ಕಟ್ಟಿಹಾಕಲು ಅದು ಕಾಲಾಳುಗಳನ್ನು ಎಷ್ಟು ಸಲೀಸಾಗಿ ಬಿಟ್ಟುಕೊಡುತ್ತದೆ ಎಂಬುದಕ್ಕೆ.

ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ, ಒಪ್ಪದವರು ಆಮೇಲೆ ಜಗಳವಾಡಬಹುದು. ಆಟ ಕಲಿತ ಮೊದಲ ಎರಡು ಮೂರು ವರ್ಷ ನಮ್ಮ ಮಕ್ಕಳು ಇ4 ಆಡಬೇಕು, ಗ್ಯಾಂಬಿಟ್ ಆಡಬೇಕು. ನಮ್ಮ ಊರುಗಳಲ್ಲಿ ಈಗ ಎಂಟು ವರ್ಷದ ಮಕ್ಕಳಿಗೂ ಹದಿನೈದು ನಡೆ ಬಾಯಿಪಾಠ ಮಾಡಿಸಿ, ಏನೂ ಕಳೆದುಕೊಳ್ಳದಂಥ ಆರಂಭಗಳನ್ನು ಕಲಿಸುತ್ತಿದ್ದಾರೆ. ರೇಟಿಂಗ್ ಬೇಗ ಬರುತ್ತದೆ, ನಿಜ. ಆದರೆ ತೆರೆದ ಮಣೆಯಲ್ಲಿ ರಾಜನ ಮೇಲೆ ನಾಲ್ಕು ಕಾಯಿ ಒಟ್ಟಿಗೆ ನುಗ್ಗುವುದು ಹೇಗಿರುತ್ತದೆಂದು ಆ ಮಗುವಿಗೆ ಗೊತ್ತೇ ಆಗುವುದಿಲ್ಲ. ಹದಿನಾಲ್ಕನೆಯ ವಯಸ್ಸಿನಲ್ಲಿ ಅಂಥ ದಾಳಿ ತನ್ನ ಮೇಲೆ ಬಂದಾಗ ತಡೆಯಲೂ ಬರುವುದಿಲ್ಲ. ಗ್ಯಾಂಬಿಟ್ ಆಡಿ ಇಪ್ಪತ್ತು ಆಟ ಸೋಲಲಿ. ಸೋತ ಹಾಳೆಯನ್ನು ತೆಗೆದುಕೊಂಡು ಮಗುವಿನ ಪಕ್ಕ ಕುಳಿತು, ಕಾಲಾಳು ಕೊಟ್ಟ ನಡೆಯ ಮುಂದಿನ ಐದು ನಡೆಗಳಿಗೆ ಕೆಂಪು ಗೆರೆ ಎಳೆಯಿರಿ. ಆ ಐದರಲ್ಲಿ ಪ್ರತಿ ನಡೆಯೂ ಒಂದು ಹೊಸ ಕಾಯಿಯನ್ನು ಕೆಲಸಕ್ಕೆ ಹಚ್ಚಿತೇ ಎಂದು ಅಷ್ಟೇ ಕೇಳಿ. ಯಾಕೆ ಕೊಟ್ಟೆ ಎಂದು ಕೇಳಬೇಡಿ.

ಮಾತು ಮುಗಿಸಿದ ಮೇಲೆ ಪ್ರಶ್ನೆಗಳು ಬಂದವು. ಒಬ್ಬ ತಾಯಿ, “ಸರ್, ಮಗ ಸೋತು ಅಳುತ್ತಾನೆ, ಏನು ಮಾಡಲಿ?” ಎಂದರು. ಸೋತ ಕೂಡಲೇ ಹಾಳೆ ನೋಡಬೇಡಿ, ಊಟವಾದ ಮೇಲೆ ನೋಡಿ ಎಂದೆ. ಏಳನೆಯ ತರಗತಿಯ ಹುಡುಗನೊಬ್ಬ ಎದ್ದು, “ನಾನು ಬಿ4 ಆಡಿದಾಗ ಅವನು ಕಾಲಾಳು ಹೊಡೆಯದೆ ಒಂಟೆಯನ್ನು ಬಿ6ಕ್ಕೆ ತೆಗೆದುಕೊಂಡು ಹೋದರೆ?” ಎಂದು ಕೇಳಿದ. ಅಂದಿನ ಪ್ರಶ್ನೆಗಳಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಅದು. ಅವನನ್ನು ಮಣೆಯ ಬಳಿ ಕರೆದೆ. ಬಿ4ರ ಕಾಲಾಳು ಉಳಿದಿದೆ, ಅದರ ಜೊತೆಗೆ ಎ4 ಆಡು ಎಂದೆ. ಈಗ ಎ5 ಬರುತ್ತದೆ ಎಂಬ ಬೆದರಿಕೆ ಇದೆ, ಒಂಟೆಗೆ ಮನೆ ಬೇಕು, ಆದ್ದರಿಂದ ಕಪ್ಪು ಎ6 ಆಡಿ ಒಂದು ನಡೆ ಕಳೆಯಬೇಕು. ಹುಡುಗ ಸ್ವಲ್ಪ ಹೊತ್ತು ನೋಡಿ, “ಹಾಗಾದರೆ ಪುಕ್ಕಟೆ ಸಿಕ್ಕಿತು” ಎಂದ.

ಆ ಹತ್ತು ವರ್ಷದ ಹುಡುಗಿಯೂ ಬಂದಿದ್ದಳು, ತಂದೆಯೊಡನೆ. ಎಲ್ಲರೂ ಕುರ್ಚಿ ಮಡಚುತ್ತಿದ್ದಾಗ ಅವಳು ಮೂಲೆಯ ಮೇಜಿನ ಮೇಲೆ ಕಾಯಿ ಜೋಡಿಸಿ ತಂದೆಯನ್ನು ಎದುರು ಕೂರಿಸಿಕೊಂಡಿದ್ದಳು. ತಂದೆಗೆ ಕಪ್ಪು ಕಾಯಿ. ನಾನು ಹತ್ತಿರ ಹೋದಾಗ ನಾಲ್ಕನೆಯ ನಡೆ ಆಗಿತ್ತು. ಬಿ4ರಲ್ಲಿ ಬಿಳಿ ಕಾಲಾಳು, ಹೊಡೆಯಲೋ ಬೇಡವೋ ಎಂದು ತಂದೆ ಒಂಟೆಯ ಮೇಲೆ ಬೆರಳಿಟ್ಟು ಯೋಚಿಸುತ್ತಿದ್ದರು.